ಮಂಜುಗಡ್ಡೆಯ ಕೆಳಗೆ ಕಣ್ಣು ಮೊದಲೋ, ಕಿವಿ ಮೊದಲೋ?

ಪ್ರಶ್ನೆ: ನಾವು ಮಿನೆಸೋಟದ ಈಡನ್ ಪ್ರೇರಿಯಲ್ಲಿದ್ದೇವೆ. ಕಳೆದ ಎರಡು ಚಳಿಗಾಲ ನೆರೆಮನೆಯವರ ಜೊತೆ ಹೋಗಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಕುಳಿತು ಮೀನು ಹಿಡಿಯುವುದನ್ನು ಕಲಿತೆ. ಸಾಮಾನ್ಯವಾಗಿ ಕೆಲಸ ಮುಗಿಸಿ ಸಂಜೆ ಮಿನೆಟೊಂಕಾ ಸರೋವರಕ್ಕೆ ಕ್ರಾಪಿ ಮೀನಿಗಾಗಿ ಹೋಗುತ್ತೇನೆ, ವರ್ಷಕ್ಕೊಮ್ಮೆ ಮಿಲ್ ಲ್ಯಾಕ್ಸ್‌ಗೆ ವಾಲೈಗಾಗಿ. ಶನಿವಾರಗಳಲ್ಲಿ ಒಂಬತ್ತು ವರ್ಷದ ಮಗಳೂ ಬರುತ್ತಾಳೆ. ಈ ವರ್ಷ ಸ್ವಂತಕ್ಕೊಂದು ಉಪಕರಣ ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ಶಬ್ದದ ಪ್ರತಿಧ್ವನಿಯಿಂದ ಮೀನು ಹುಡುಕುವ ಸೋನಾರ್ ಫ್ಲಾಶರ್ ಎನ್ನುತ್ತಾರೆ, ನೆರೆಯವರು ನೀರೊಳಗಿನ ಕ್ಯಾಮೆರಾ ಎನ್ನುತ್ತಾರೆ. ಕೈಯಲ್ಲಿರುವುದು 450 ಡಾಲರ್. ಯಾವುದನ್ನು ಕೊಳ್ಳಲಿ?

ಉತ್ತರ: ತೀರ್ಮಾನವನ್ನು ಮೊದಲೇ ಹೇಳಿ ಆಮೇಲೆ ಕಾರಣಗಳಿಗೆ ಬರುತ್ತೇನೆ. ನೀವು ಈ ವರ್ಷ ಕೊಳ್ಳಬೇಕಾದದ್ದು ಫ್ಲಾಶರ್. ಕ್ಯಾಮೆರಾ ಒಂದೆರಡು ಚಳಿಗಾಲ ಕಾಯಬಹುದು. ಹಾಗೆಂದು ನಿಮ್ಮ ನೆರೆಯವರ ಮಾತು ತಪ್ಪೇನಲ್ಲ; ಅವರು ಬಹುಶಃ ಹಗಲಿನಲ್ಲಿ, ತಿಳಿನೀರಿನಲ್ಲಿ, ಒಂದೇ ಕಡೆ ಗುಡಾರ ಹೂಡಿ ಕೂರುವವರಿರಬೇಕು, ಅಂಥವರಿಗೆ ಕ್ಯಾಮೆರಾ ನಿಜಕ್ಕೂ ಒಳ್ಳೆಯ ಸಂಗಾತಿ. ಆದರೆ ನಿಮ್ಮ ಪ್ರಶ್ನೆಯಲ್ಲಿ ನಿರ್ಧಾರಕ್ಕೆ ಬೇಕಾದ ಎರಡು ಪದಗಳು ಆಗಲೇ ಇವೆ: ‘ಸಂಜೆ’ ಮತ್ತು ‘ಕ್ರಾಪಿ’. ಆ ಎರಡು ಸೇರಿದ ಕಡೆ ಕ್ಯಾಮೆರಾ ಹೆಚ್ಚಾಗಿ ಕತ್ತಲನ್ನೇ ತೋರಿಸುತ್ತದೆ.

ತುಂಗೆಯ ದಂಡೆಯಲ್ಲಿ ಬೆಂಡು ಕಟ್ಟಿದ ಗಾಳ ಹಾಕಿ ಬೆಳೆದ ನನ್ನಂಥವನಿಗೆ ಮಂಜುಗಡ್ಡೆಯ ಮೇಲಿನ ಮೀನುಗಾರಿಕೆ ಆರಂಭದಲ್ಲಿ ಬಹಳ ವಿಚಿತ್ರವಾಗಿ ಕಂಡಿತ್ತು. ಹೊಳೆಯಲ್ಲಿ ನೀರಿನ ಸುಳಿ, ಬಂಡೆಯ ನೆರಳು, ಮೇಲೆ ಹಾರುವ ಮಿಂಚುಳ್ಳಿ, ದಡದಲ್ಲಿ ಕುಳಿತ ಹಿರಿಯರ ಮಾತು, ಹೀಗೆ ನೂರು ಸುಳಿವುಗಳು ಸಿಗುತ್ತವೆ. ಇಲ್ಲಿ ಸಿಗುವುದು ಎಂಟು ಅಂಗುಲದ ಒಂದು ತೂತು, ಅದರೊಳಗೆ ಕಪ್ಪು ನೀರು, ಅಷ್ಟೇ. ಅದರ ಕೆಳಗೆ ಮೀನು ಇದೆಯೋ ಇಲ್ಲವೋ, ಇದ್ದರೆ ಎಷ್ಟು ಆಳದಲ್ಲಿದೆ, ನನ್ನ ಜಿಗ್ (ತೂಕದ ಗುಂಡು ಕೂಡಿಸಿದ ಗಾಳ) ಅದಕ್ಕೆ ಮೇಲಿದೆಯೋ ಕೆಳಗಿದೆಯೋ, ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಉಳಿದದ್ದೆಲ್ಲ ಅದೃಷ್ಟದ ಆಟ. ಮೂರಕ್ಕೂ ಉತ್ತರ ಕೊಡುವುದು ಫ್ಲಾಶರ್. ಕ್ಯಾಮೆರಾ ಉತ್ತರಿಸುವುದು ಬೇರೆಯದೇ ಎರಡು ಪ್ರಶ್ನೆಗಳಿಗೆ: ಅಲ್ಲಿರುವುದು ಯಾವ ಮೀನು, ಮತ್ತು ಅದು ನನ್ನ ಜಿಗ್ಗನ್ನು ಹೇಗೆ ನೋಡುತ್ತಿದೆ. ಈ ಪ್ರಶ್ನೆಗಳು ಹೆಚ್ಚು ಸ್ವಾರಸ್ಯದವೇ ಆದರೂ ಸರದಿಯಲ್ಲಿ ಹಿಂದೆ ನಿಲ್ಲುವಂಥವು.

ಫ್ಲಾಶರ್ ಎಂದರೆ ಕಿವಿ. ತೂತಿನೊಳಗೆ ಇಳಿಬಿಟ್ಟ ಟ್ರಾನ್ಸ್‌ಡ್ಯೂಸರ್ ಎಂಬ ಗುಂಡನೆಯ ಸಾಧನ ಸಾಮಾನ್ಯವಾಗಿ 200 ಕಿಲೋಹರ್ಟ್ಸ್ ಆಸುಪಾಸಿನ ಶಬ್ದದ ತುಣುಕನ್ನು ಕೆಳಕ್ಕೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಗೆ ಕಾಯುತ್ತದೆ. ಹೆಪ್ಪುಗಟ್ಟುವ ಹಂತದಲ್ಲಿರುವ ಸಿಹಿನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,400 ಮೀಟರ್ ಓಡುವುದರಿಂದ, 30 ಅಡಿ ಆಳದ ತಳಕ್ಕೆ ಹೋಗಿ ಬರಲು ಅದಕ್ಕೆ ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು ಸಮಯ ಸಾಕು. ಹಾಗಾಗಿ ನೀವು ಜಿಗ್ಗನ್ನು ಒಂದು ಅಂಗುಲ ಎತ್ತಿದರೆ ಪರದೆಯ ಮೇಲೆ ಅದನ್ನು ತೋರಿಸುವ ಗೆರೆಯೂ ಆ ಕ್ಷಣದಲ್ಲೇ ಏರುತ್ತದೆ. ಹಳೆಯ ಮಾದರಿಗಳಲ್ಲಿ ಗಡಿಯಾರದ ಮುಖದಂಥ ಬಿಲ್ಲೆಯ ಹಿಂದೆ ದೀಪಗಳು ಗಿರ್ರೆಂದು ತಿರುಗುತ್ತ, ಪ್ರತಿಧ್ವನಿ ಬಂದ ಆಳಕ್ಕೆ ಸರಿಯಾಗಿ ಮಿಂಚುತ್ತವೆ. ಫ್ಲಾಶರ್ ಎಂಬ ಹೆಸರು ಬಂದದ್ದು ಅದರಿಂದಲೇ. ಪ್ರತಿಧ್ವನಿ ಕ್ಷೀಣವಾಗಿದ್ದರೆ ಹಸಿರು, ಸಾಧಾರಣವಾಗಿದ್ದರೆ ಕಿತ್ತಳೆ, ಬಲವಾಗಿದ್ದರೆ ಕೆಂಪು ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ಬಣ್ಣದ ಭಾಷೆ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೂ ಸುತ್ತಲಿನ ನೀರಿಗೂ ಸಾಂದ್ರತೆಯಲ್ಲಿ ಬಹಳ ಅಂತರವಿರುವ ಕಾರಣ, ನಾಲ್ಕಂಗುಲದ ಪರ್ಚ್ ಮೀನು ಕೂಡ ಚೆನ್ನಾಗಿಯೇ ಪ್ರತಿಧ್ವನಿಸುತ್ತದೆ.

ದೋಣಿಗಳಿಗೆಂದು ಲೋರೆನ್ಸ್ ಸಂಸ್ಥೆ 1950ರ ದಶಕದ ಕೊನೆಯಲ್ಲಿ ತಂದ ಚಿಕ್ಕ ಹಸಿರು ಸೋನಾರ್ ಪೆಟ್ಟಿಗೆಯನ್ನೇ ಮಿನೆಸೋಟದವರು ಮಂಜುಗಡ್ಡೆಯ ಮೇಲೆ ಹೊತ್ತೊಯ್ದು ಈ ಪದ್ಧತಿಗೆ ನಾಂದಿ ಹಾಡಿದರು. ಡೇವ್ ಗೆಂಜ್ ಎಂಬ ಮಿನೆಸೋಟದ ಬೆಸ್ತ, ಒಂದೇ ತೂತಿನ ಮುಂದೆ ಬಕೆಟ್ ಮೇಲೆ ಕುಳಿತು ಜಪ ಮಾಡುವುದನ್ನು ಬಿಟ್ಟು, ಹಗುರವಾದ ಗುಡಾರ ಮತ್ತು ಫ್ಲಾಶರ್ ಹಿಡಿದು ತೂತಿನಿಂದ ತೂತಿಗೆ ಅಲೆಯುವುದನ್ನು ಕಲಿಸಿದ ಮೇಲೆ ಈ ಉಪಕರಣ ಮನೆಮಾತಾಯಿತು. ಈಗ ಮಿನೆಸೋಟದ್ದೇ ಆದ ವೆಕ್ಸಿಲಾರ್ ಮತ್ತು ಮಾರ್ಕಮ್, ಜೊತೆಗೆ ಹಮ್ಮಿನ್‌ಬರ್ಡ್ ಮುಂತಾದವು ಇದನ್ನು ತಯಾರಿಸುತ್ತವೆ. ಅಕ್ವಾ-ವ್ಯೂ ಎಂಬ ಹೆಸರಿನ ಕ್ಯಾಮೆರಾ 1990ರ ದಶಕದ ಕೊನೆಯಲ್ಲಿ ಬಂದದ್ದೂ ಇದೇ ರಾಜ್ಯದಿಂದ. ಅಂದರೆ ನಿಮ್ಮ ಅಂಗಡಿಯವರಿಗೂ ನೆರೆಯವರಿಗೂ ನಡುವಿನ ಈ ವಾದ ಇಲ್ಲಿನವರಿಗೆ ಒಂದು ಬಗೆಯ ಮನೆಜಗಳ.

ಫ್ಲಾಶರ್ ಕೊಳ್ಳುವಾಗ ಅಂಗಡಿಯವರು ‘ಕೋನ್ ಆಂಗಲ್’ (ಶಬ್ದದ ಶಂಕುವಿನ ಕೋನ) ಎಂಬ ಮಾತನ್ನು ಆಡಿಯೇ ಆಡುತ್ತಾರೆ. ಅದನ್ನು ಇಲ್ಲಿ ತುಸು ವಿವರವಾಗಿ ನೋಡೋಣ, ಏಕೆಂದರೆ ಮುಂದೆ ಕ್ಯಾಮೆರಾ ಬೇಕೋ ಬೇಡವೋ ಎಂಬುದು ಕೂಡ ಇದರಿಂದಲೇ ತಿಳಿಯುತ್ತದೆ. ಟ್ರಾನ್ಸ್‌ಡ್ಯೂಸರ್‌ನಿಂದ ಹೊರಟ ಶಬ್ದ ತಲೆಕೆಳಗಾಗಿ ಹಿಡಿದ ಆಲಿಕೆಯ ಹಾಗೆ ಅಗಲವಾಗುತ್ತ ಇಳಿಯುತ್ತದೆ. 20 ಡಿಗ್ರಿಯ ಶಂಕುವಾದರೆ 20 ಅಡಿ ಆಳದಲ್ಲಿ ಸುಮಾರು 7 ಅಡಿ ವ್ಯಾಸದ ವೃತ್ತವನ್ನು ಕೇಳಿಸಿಕೊಳ್ಳುತ್ತದೆ, 9 ಡಿಗ್ರಿಯದಾದರೆ ಸುಮಾರು 3 ಅಡಿಯದನ್ನು ಮಾತ್ರ. ಅಗಲವಾದದ್ದೇ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ತೊಡಕಿರುವುದು ಇಲ್ಲಿ: ಫ್ಲಾಶರ್‌ಗೆ ದಿಕ್ಕು ತಿಳಿಯದು, ತಿಳಿಯುವುದು ದೂರ ಮಾತ್ರ. ತಳದ ಯಾವ ಭಾಗ ಅತ್ಯಂತ ಹತ್ತಿರದಲ್ಲಿದೆಯೋ ಅದರ ಪ್ರತಿಧ್ವನಿ ಮೊದಲು ಬಂದು ಕೆಂಪು ಪಟ್ಟಿಯಾಗಿ ನಿಂತುಬಿಡುತ್ತದೆ. ಅದಕ್ಕಿಂತ ಹೆಚ್ಚು ದೂರದಲ್ಲಿರುವ ಮೀನೆಲ್ಲ ಆ ಕೆಂಪಿನೊಳಗೆ ಮುಳುಗಿಹೋಗುತ್ತದೆ. ಸಮತಟ್ಟಾದ ತಳದಲ್ಲಿ ಈ ಕುರುಡು ವಲಯ ಸಣ್ಣದು: 20 ಅಡಿ ಆಳದಲ್ಲಿ, 20 ಡಿಗ್ರಿಯ ಶಂಕುವಿನ ಅಂಚಿನಲ್ಲಿ ನಾಲ್ಕು ಅಂಗುಲದಷ್ಟು. ಅದೇ ತಳ ನಾಲ್ಕು ಅಡಿಗೆ ಒಂದು ಅಡಿಯಂತೆ ಇಳಿಜಾರಾಗಿದ್ದರೆ, ಆಳದ ಕಡೆಯ ಅಂಚಿನಲ್ಲಿ ತಳದಿಂದ ಒಂದೂವರೆ ಅಡಿಗೂ ಹೆಚ್ಚಿನ ಪಟ್ಟಿ ಪೂರ್ತಿ ಮರೆಯಾಗುತ್ತದೆ. ನೀವು ವಾಲೈಗಾಗಿ ದಿಬ್ಬದ ಇಳಿಜಾರಿನಲ್ಲಿ ತೂತು ಕೊರೆದಿದ್ದರೆ, ವಾಲೈ ನಿಂತಿರುವುದೂ ಸರಿಯಾಗಿ ಆ ಪಟ್ಟಿಯಲ್ಲೇ. ಆದ್ದರಿಂದ ಇಳಿಜಾರಿಗೂ ಆಳ ನೀರಿಗೂ ಕಿರಿದಾದ ಶಂಕು, ಆಳವಿಲ್ಲದ ಸಮತಟ್ಟಿಗೆ ಅಗಲವಾದದ್ದು. ಎರಡನ್ನೂ ಒಂದೇ ಟ್ರಾನ್ಸ್‌ಡ್ಯೂಸರ್‌ನಲ್ಲಿ ಕೊಡುವ ಮಾದರಿಗಳಿವೆ; ನಿಮ್ಮ ಹಣಕ್ಕೆ ಅದು ಸಿಗದಿದ್ದರೆ 12 ಡಿಗ್ರಿಯ ಆಸುಪಾಸಿನದು ಮಿನೆಟೊಂಕಾಕ್ಕೂ ಮಿಲ್ ಲ್ಯಾಕ್ಸ್‌ಗೂ ಒಪ್ಪುವ ರಾಜಿ.

ಇನ್ನು ಕ್ರಾಪಿಯ ವಿಷಯ. ಚಳಿಗಾಲದ ನಡುವಿನಲ್ಲಿ ಹಿಮದ ಹೊದಿಕೆ ದಪ್ಪವಾದಂತೆ ನೀರೊಳಗೆ ಬೆಳಕು ಕುಗ್ಗಿ, ಗಿಡಗಳು ಆಮ್ಲಜನಕ ಉತ್ಪಾದಿಸುವುದು ನಿಲ್ಲುತ್ತದೆ. ತಳದ ಕೆಸರಿನಲ್ಲಿ ಕೊಳೆಯುವ ಸಸ್ಯಗಳು ಇದ್ದಬದ್ದ ಆಮ್ಲಜನಕವನ್ನೂ ಬಳಸಿಕೊಳ್ಳುತ್ತವೆ. ಹೀಗಾಗಿ ಕ್ರಾಪಿಗಳು ಆಳವಾದ ತಗ್ಗುಗಳ ಮೇಲೆ, ತಳಕ್ಕೂ ಮಂಜುಗಡ್ಡೆಗೂ ನಡುವೆ ಎಲ್ಲೋ ತೇಲಿಕೊಂಡು ಗುಂಪಾಗಿ ನಿಲ್ಲುತ್ತವೆ. 32 ಅಡಿ ನೀರಿನಲ್ಲಿ ಅವು 19 ಅಡಿಯಲ್ಲಿರಬಹುದು, ಇಪ್ಪತ್ತು ನಿಮಿಷದ ಬಳಿಕ 14ರಲ್ಲಿರಬಹುದು. ಕ್ಯಾಮೆರಾ ಇಳಿಸಿ ಈ ಗುಂಪನ್ನು ಹುಡುಕುವುದೆಂದರೆ ಕತ್ತಲ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಿ ಸೊಳ್ಳೆ ಹುಡುಕಿದಂತೆ. ಫ್ಲಾಶರ್ ಇಡೀ ನೀರಿನ ಕಂಬವನ್ನು ಒಂದೇ ನೋಟಕ್ಕೆ ತೋರಿಸುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕ್ರಾಪಿಯ ಕಣ್ಣು ಮೇಲ್ಮುಖವಾಗಿರುತ್ತದೆ, ಅದು ಏರಿ ಬಂದು ತಿನ್ನುವ ಮೀನು. ನಿಮ್ಮ ಜಿಗ್ ಅದರ ಕೆಳಗೆ ಜಾರಿದರೆ ಅದಕ್ಕೆ ಕಾಣಿಸುವುದೇ ಇಲ್ಲ. ಮೀನಿನ ಗೆರೆಗಿಂತ ಒಂದು ಅಡಿ ಮೇಲೆ ಜಿಗ್ಗಿನ ಗೆರೆಯನ್ನು ನಿಲ್ಲಿಸಬೇಕೆಂದರೆ ಎರಡೂ ಗೆರೆಗಳು ಕಣ್ಣ ಮುಂದಿರಬೇಕು, ಅದನ್ನು ಕ್ಯಾಮೆರಾ ಕೊಡಲಾರದು.

ಇದನ್ನು ಮಾಡುವ ಬಗೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಫ್ಲಾಶರ್ ಕೊಂಡು ‘ಏನೂ ಅರ್ಥವಾಗುವುದಿಲ್ಲ, ಬರೀ ಕೆಂಪು’ ಎಂದು ಮೂಲೆಗೆ ತಳ್ಳಿದವರನ್ನು ಬಹಳ ನೋಡಿದ್ದೇನೆ. ತೊಂದರೆ ಹತ್ತರಲ್ಲಿ ಒಂಬತ್ತು ಸಲ ಗೇನ್ ಗುಂಡಿಯಲ್ಲಿ, ಅಂದರೆ ಪ್ರತಿಧ್ವನಿಯನ್ನು ಎಷ್ಟು ಹಿಗ್ಗಿಸಬೇಕೆಂದು ನಿರ್ಧರಿಸುವ ಗುಂಡಿಯಲ್ಲಿ ಇರುತ್ತದೆ. ಟ್ರಾನ್ಸ್‌ಡ್ಯೂಸರ್ ಮಂಜುಗಡ್ಡೆಯ ಕೆಳ ಅಂಚನ್ನು ದಾಟಿ ಕೊಂಚವೇ ಕೆಳಗೆ ನೇರವಾಗಿ ತೂಗುವಂತೆ ಬಿಡಿ. ತೂತಿನೊಳಗೇ ಇದ್ದರೆ ಗೋಡೆಯ ಮಂಜೇ ಪ್ರತಿಧ್ವನಿಸಿ ಗೊಂದಲ ಮಾಡುತ್ತದೆ. ಗೇನನ್ನು ಪೂರ್ತಿ ತಗ್ಗಿಸಿ, ತಳ ಕಾಣಿಸುವಷ್ಟು ಮಾತ್ರ ಏರಿಸಿ. ಬಳಿಕ ಜಿಗ್ಗನ್ನು ಬೇಕಾದ ಆಳಕ್ಕೆ ಇಳಿಸಿ, ಅದು ತೆಳುವಾದ ಹಸಿರು ಗೆರೆಯಾಗಿ ಮೂಡುವವರೆಗೆ ನಿಧಾನಕ್ಕೆ ಏರಿಸಿ, ಅಲ್ಲಿಗೇ ಬಿಡಿ. ಈಗ ಹೊಸದಾಗಿ ಮೂಡುವ ಪ್ರತಿ ಗೆರೆಗೂ ಅರ್ಥವಿರುತ್ತದೆ. ಮಿಣುಕುವ ಹಸಿರು ಎಂದರೆ ಮೀನು ಶಂಕುವಿನ ಅಂಚಿನಲ್ಲಿ ಸುಳಿಯುತ್ತಿದೆ. ಅದು ದಪ್ಪವಾಗುತ್ತ ಕೆಂಪಾದರೆ ನಿಮ್ಮ ತೂತಿನ ನೇರಕ್ಕೆ ಬರುತ್ತಿದೆ. ಆಗ ಜಿಗ್ಗನ್ನು ಆರೇಳು ಅಂಗುಲ ಮೆಲ್ಲಗೆ ಎತ್ತಿ. ಕೆಂಪು ಗೆರೆ ಹಿಂಬಾಲಿಸಿ ಏರಿದರೆ ಅದಕ್ಕೆ ಹಸಿವಿದೆ, ಮತ್ತಷ್ಟು ಎತ್ತಿ. ಅರ್ಧ ದಾರಿಗೆ ನಿಂತರೆ ನೀವೂ ನಿಲ್ಲಿ, ಕೈ ಅಲುಗಿಸಬೇಡಿ. ಬೆನ್ನು ತಿರುಗಿಸಿ ಕೆಳಕ್ಕಿಳಿದರೆ ಜಿಗ್ಗಿನ ಗಾತ್ರವನ್ನೋ ಬಣ್ಣವನ್ನೋ ಬದಲಿಸುವ ಹೊತ್ತು. ಹತ್ತು ನಿಮಿಷ ಯಾವ ಗೆರೆಯೂ ಮೂಡದಿದ್ದರೆ ಎದ್ದು ಮುಂದಿನ ತೂತಿಗೆ ಹೋಗಿ. ಟ್ರಾನ್ಸ್‌ಡ್ಯೂಸರ್ ಎತ್ತಿ, ಪೆಟ್ಟಿಗೆ ಹಿಡಿದು ನಡೆಯಲು ಅರ್ಧ ನಿಮಿಷ ಸಾಕು.

ಇಷ್ಟೆಲ್ಲ ಹೊಗಳಿದ ಮೇಲೆ ಅದರ ಕುಂದನ್ನೂ ಹೇಳಬೇಕು. ಕೆಂಪು ಗೆರೆ ಕ್ರಾಪಿಯೋ, ಬ್ಲೂಗಿಲ್ಲೋ, ಯಾರಿಗೂ ಬೇಡದ ಬುಲ್‌ಹೆಡ್ಡೋ ಎಂದು ಫ್ಲಾಶರ್ ಹೇಳುವುದಿಲ್ಲ. ಒತ್ತಾಗಿ ಬೆಳೆದ ಗಿಡಗಳ ನಡುವೆ ಅದು ತಬ್ಬಿಬ್ಬಾಗುತ್ತದೆ. ಐದಾರು ಅಡಿ ನೀರಿನಲ್ಲಿ 9 ಡಿಗ್ರಿಯ ಶಂಕು ಒಂದು ಅಡಿಯಷ್ಟೂ ಅಗಲವಾಗದ ಕಾರಣ, ಪಕ್ಕದಲ್ಲೇ ಹಾದುಹೋದ ಮೀನು ಕೂಡ ಅದಕ್ಕೆ ಕೇಳಿಸದು. ಅಕ್ಕಪಕ್ಕದಲ್ಲಿ ಹತ್ತು ಜನ ಫ್ಲಾಶರ್ ಹಚ್ಚಿದ್ದರೆ ಒಬ್ಬರ ಶಬ್ದ ಇನ್ನೊಬ್ಬರ ಬಿಲ್ಲೆಯಲ್ಲಿ ಸುರುಳಿಯಾಗಿ ಓಡುತ್ತದೆ. ಅದನ್ನು ತಡೆಯುವ ಗುಂಡಿ ಬಹುತೇಕ ಮಾದರಿಗಳಲ್ಲಿ ಇರುತ್ತದಾದರೂ ಜನಜಂಗುಳಿಯಲ್ಲಿ ಅದು ಸೋಲುವುದುಂಟು.

ಈಗ ಕ್ಯಾಮೆರಾದ ಕಡೆಗೆ ಬರೋಣ. ಅದರ ಯೋಗ್ಯತೆಯೆಲ್ಲ ನೀರಿನ ತಿಳಿಯ ಮೇಲೆ ನಿಂತಿದೆ. ಸರೋವರದ ತಿಳಿಯನ್ನು ಅಳೆಯಲು ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಬಳಕೆಗೆ ತಂದ ಬಿಳಿ ತಟ್ಟೆಯ ವಿಧಾನ ಇಂದಿಗೂ ನಡೆಯುತ್ತಿದೆ: ತಟ್ಟೆಯನ್ನು ದಾರಕ್ಕೆ ಕಟ್ಟಿ ಇಳಿಸಿ, ಕಣ್ಣಿಗೆ ಮರೆಯಾದ ಆಳವನ್ನು ಬರೆದುಕೊಳ್ಳುವುದು. ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಜಾಲತಾಣವಾದ ಲೇಕ್‌ಫೈಂಡರ್‌ನಲ್ಲಿ ಅನೇಕ ಸರೋವರಗಳ ಅಳತೆ ಸಿಗುತ್ತದೆ, ಆದರೆ ಅವು ಬೇಸಿಗೆಯವು. ಚಳಿಗಾಲದಲ್ಲಿ ಪಾಚಿ ಕಡಿಮೆಯಾಗಿ ನೀರು ಇನ್ನಷ್ಟು ತಿಳಿಯಾಗಬಹುದು, ಅದೇ ಹೊತ್ತಿಗೆ ಹಿಮ ಬೆಳಕನ್ನು ತಡೆಯಬಹುದು. ಆದ್ದರಿಂದ ನೀವೇ ಅಳೆಯುವುದು ಮೇಲು. ತೂತಿನಲ್ಲಿ ಇಳಿಯುವಂಥ ಬಿಳಿಯ ಡಬ್ಬಿಮುಚ್ಚಳವೊಂದಕ್ಕೆ ತೂಕ ಕಟ್ಟಿ, ಅಡಿಗೊಂದು ಗಂಟು ಹಾಕಿದ ದಾರದಲ್ಲಿ ಇಳಿಬಿಡಿ. ನನ್ನ ಅನುಭವದಲ್ಲಿ ಮುಚ್ಚಳ ಮರೆಯಾದ ಆಳದ ಅರ್ಧದಷ್ಟು ದೂರಕ್ಕೆ ಕ್ಯಾಮೆರಾದಲ್ಲಿ ಮೀನನ್ನು ಗುರುತಿಸಬಹುದು, ಅದೂ ನಡುಹಗಲಿನಲ್ಲಿ. ಮುಚ್ಚಳ ಆರು ಅಡಿಗೇ ಮಾಯವಾದರೆ ಕ್ಯಾಮೆರಾಗೆ ಹಣ ಕೊಟ್ಟು ನೀವು ಕೊಳ್ಳುವುದು ಮೂರು ಅಡಿಯ ನೋಟವನ್ನು.

ಸಂಜೆಯಾದಂತೆ ಈ ಮೂರು ಅಡಿಯೂ ಉಳಿಯದು. ಕ್ಯಾಮೆರಾಗಳಲ್ಲಿ ಬಿಳಿ ದೀಪ ಇರುತ್ತದೆ, ಅತಿಗೆಂಪು ದೀಪವೂ ಇರುತ್ತದೆ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಬಿಳಿ ದೀಪ ಹೊತ್ತಿಸಿದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು, ಮಂಜು ಕವಿದ ಆಗುಂಬೆ ಘಾಟಿಯಲ್ಲಿ ಹೆಡ್‌ಲೈಟ್ ಹಾಕಿದಂತಾಗುತ್ತದೆ. ಅತಿಗೆಂಪು ಬೆಳಕಿನಲ್ಲಿ ಆ ತೊಂದರೆ ಕಡಿಮೆ, ಮೀನೂ ಬೆದರುವುದಿಲ್ಲ, ಆದರೆ ನೀರು ಅದನ್ನು ಬಹಳ ಬೇಗ ಹೀರಿಕೊಳ್ಳುತ್ತದೆ. ಒಂದು ಮೀಟರ್ ಸಾಗುವಷ್ಟರಲ್ಲಿ ಅದರ ಬಹುಪಾಲು ಮುಗಿದಿರುತ್ತದೆ. ಇತ್ತ ವಾಲೈ ಎಂಬ ಮೀನಿಗೆ ಆ ಹೆಸರು ಬಂದದ್ದೇ ಅದರ ಬಿಳಿಚಿದ, ಹೊಳೆಯುವ ಕಣ್ಣಿನಿಂದ. ಬೆಕ್ಕಿನ ಕಣ್ಣಿನಂತೆ ಅದರ ಕಣ್ಣಿನ ಹಿಂಬದಿಯಲ್ಲೂ ಬೆಳಕನ್ನು ಮರಳಿಸುವ ಪದರವಿದೆ. ಹಾಗಾಗಿ ಮಬ್ಬುಗತ್ತಲಲ್ಲಿ ಪರ್ಚ್‌ಗಳಿಗೆ ಕಣ್ಣು ಕಾಣದಾಗುವ ಹೊತ್ತಿಗೆ ವಾಲೈ ಬೇಟೆಗಿಳಿಯುತ್ತದೆ. ಮೀನು ಬಾಯಿ ತೆರೆಯುವ ಆ ಮುಕ್ಕಾಲು ಗಂಟೆ ಕ್ಯಾಮೆರಾ ಕಣ್ಣು ಮುಚ್ಚಿಕೊಳ್ಳುವ ಮುಕ್ಕಾಲು ಗಂಟೆಯೂ ಹೌದು. ನೀವು ಸಂಜೆಯವರಾದ್ದರಿಂದ ನನ್ನ ತೀರ್ಮಾನದ ಬಹುಭಾರ ಇದೊಂದರ ಮೇಲೇ ಇದೆ.

ನಿಮ್ಮ ಸರೋವರಗಳ ಬಗ್ಗೆ ಒಂದು ಮಾತು. ಮಿನೆಟೊಂಕಾ ಒಂದೇ ಸರೋವರವೆಂದು ಎಣಿಸಬೇಡಿ. ಕೊಲ್ಲಿಗಳೆಲ್ಲ ಕಾಲುವೆಗಳಿಂದ ಪೋಣಿಸಿಕೊಂಡ ಸರ ಅದು, ಕೊಲ್ಲಿಯಿಂದ ಕೊಲ್ಲಿಗೆ ತಿಳಿ ಬದಲಾಗುತ್ತದೆ. ಪಶ್ಚಿಮದ ಹಾಲ್‌ಸ್ಟೆಡ್ ಕೊಲ್ಲಿಯ ಮಬ್ಬು ನೀರಿನಲ್ಲಿ ಕ್ಯಾಮೆರಾ ಇಳಿಸುವುದು ವ್ಯರ್ಥ, ಮಿನೆಟೊಂಕಾದ ಪಕ್ಕದಲ್ಲೇ ಇರುವ ಕ್ರಿಸ್ಮಸ್ ಲೇಕ್‌ನ ತಿಳಿನೀರಿನಲ್ಲಿ ಅದೇ ಕ್ಯಾಮೆರಾ ಕಣ್ಣಿಗೆ ಹಬ್ಬ. ಉತ್ತರದ ಅಪ್ಪರ್ ರೆಡ್ ಮತ್ತು ಲೇಕ್ ಆಫ್ ದ ವುಡ್ಸ್‌ಗಳ ನೀರು ಜೌಗಿನ ಕಷಾಯದಿಂದ ಕಂದಾಗಿರುತ್ತದೆ, ಅಲ್ಲಿಗೆ ಹೋಗುವ ದಿನ ಕ್ಯಾಮೆರಾ ಮನೆಯಲ್ಲೇ ಇರಲಿ.

ಮಿಲ್ ಲ್ಯಾಕ್ಸ್ ಮಾತ್ರ ಬೇರೆ. ಅದರ ನೀರು ಕಳೆದ ಕೆಲವು ದಶಕಗಳಲ್ಲಿ ಬಹಳ ತಿಳಿಯಾಗಿದೆ, 2005ರಲ್ಲಿ ಅಲ್ಲಿ ಪತ್ತೆಯಾದ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿಗಳು ನೀರನ್ನು ಸೋಸುತ್ತ ಅದಕ್ಕೆ ಇನ್ನಷ್ಟು ಕೈಜೋಡಿಸಿವೆ. ಅಲ್ಲಿನ ಕೆಸರು ದಿಬ್ಬಗಳ ಮೇಲೆ ಪರ್ಚ್‌ಗಳು ಹುಳುಮರಿಗಳನ್ನು ಹೆಕ್ಕುತ್ತ ಹೊಟ್ಟೆಯನ್ನು ಕೆಸರಿಗೇ ತಾಗಿಸಿಕೊಂಡು ಸಾಗುವಾಗ ಫ್ಲಾಶರ್ ಖಾಲಿ ತಳವನ್ನು ತೋರಿಸುತ್ತದೆ. ಒಮ್ಮೆ ನಾನು ಹೀಗೆ ಮೂರು ತೂತುಗಳನ್ನು ‘ಮೀನಿಲ್ಲ’ ಎಂದು ಬಿಟ್ಟು ಹೋದ ಮೇಲೆ, ಜೊತೆಗಿದ್ದ ಗೆಳೆಯರು ಅದೇ ತೂತಿಗೆ ಕ್ಯಾಮೆರಾ ಇಳಿಸಿ ಕರೆದು ತೋರಿಸಿದರು: ದನದ ಮಂದೆ ಮೇಯುವಂತೆ ಹತ್ತು ಹನ್ನೆರಡು ಪರ್ಚ್‌ಗಳು ತಲೆ ತಗ್ಗಿಸಿ ಕೆಸರು ಕೆದಕುತ್ತಿದ್ದವು. ಫ್ಲಾಶರ್‌ನ ಮೇಲಿನ ನನ್ನ ಕುರುಡು ಭಕ್ತಿ ಇಳಿದದ್ದು ಆ ದಿನ. ಕ್ಯಾಮೆರಾ ಇಲ್ಲದವರು ಇದಕ್ಕೆ ಮಾಡಬಹುದಾದ ಉಪಾಯವೆಂದರೆ, ಭಾರದ ಜಿಗ್ಗನ್ನು ತಳಕ್ಕೆ ಎರಡು ಮೂರು ಸಲ ಕುಟ್ಟಿ ಕೆಸರಿನ ಹೊಗೆ ಎಬ್ಬಿಸಿ, ಒಂದು ಅಡಿ ಮೇಲೆತ್ತಿ ಕಾಯುವುದು. ಕುತೂಹಲದಿಂದ ಮೀನು ಏರಿದ ಕೂಡಲೇ ತಳದ ಕೆಂಪಿನಿಂದ ಒಂದು ಚೂರು ಬೇರ್ಪಟ್ಟು ಮೇಲಕ್ಕೆ ಬರುವುದು ಕಾಣಿಸುತ್ತದೆ.

ಕ್ಯಾಮೆರಾ ಕಲಿಸುವ ಇನ್ನೊಂದು ಪಾಠವನ್ನು ಬೇರೆ ಯಾವ ಉಪಕರಣವೂ ಕಲಿಸದು. ತಣ್ಣೀರಿನಲ್ಲಿ ಮೀನಿನ ಮೈಯ ವ್ಯಾಪಾರವೆಲ್ಲ ನಿಧಾನವಾಗಿರುತ್ತದೆ. ಬ್ಲೂಗಿಲ್ ಜಿಗ್ಗಿನ ಮುಂದೆ ನಿಂತು, ಒಮ್ಮೆ ಬಾಯೊಳಗೆ ಹೀರಿ, ರುಚಿ ನೋಡಿ, ಉಗಿದುಬಿಡುತ್ತದೆ, ಮೇಲೆ ಕೋಲಿನ ತುದಿ ಕೂದಲೆಳೆಯಷ್ಟೂ ಅಲುಗಿರುವುದಿಲ್ಲ. ಇದನ್ನು ಕಣ್ಣಾರೆ ಒಮ್ಮೆ ಕಂಡವರು ದಾರದ ಸಡಿಲವನ್ನು, ಕೋಲಿನ ತುದಿಯ ಸೂಕ್ಷ್ಮವನ್ನು ಮತ್ತೆಂದೂ ಹಗುರವಾಗಿ ಪರಿಗಣಿಸುವುದಿಲ್ಲ. ಚಳಿಗಾಲದ ಆರಂಭದಲ್ಲಿ, ಮಂಜುಗಡ್ಡೆ ಇನ್ನೂ ಗಾಜಿನಂತಿರುವಾಗ, ಯಾವ ತೂತಿನ ಕೆಳಗೆ ಹಸಿರಾದ ಗಿಡಗಳು ನಿಂತಿವೆ, ಯಾವುದರ ಕೆಳಗೆ ಕೊಳೆತು ಮಲಗಿವೆ ಎಂದು ನೋಡಲು ಕೂಡ ಕ್ಯಾಮೆರಾದಷ್ಟು ಒಳ್ಳೆಯ ಸಾಧನವಿಲ್ಲ. ಹಸಿರಿದ್ದಲ್ಲಿ ಆಮ್ಲಜನಕವಿದೆ, ಆಮ್ಲಜನಕವಿದ್ದಲ್ಲಿ ಮೀನಿದೆ. ಅದನ್ನು ಬಳಸುವ ಕ್ರಮ ಹೀಗೆ: ಗಾಳದ ತೂತಿನಿಂದ ಮೂರು ನಾಲ್ಕು ಅಡಿ ದೂರದಲ್ಲಿ ಎರಡನೆಯ ತೂತು ಕೊರೆದು, ಕ್ಯಾಮೆರಾವನ್ನು ಜಿಗ್ಗಿನ ಮಟ್ಟಕ್ಕೆ ಇಳಿಸಿ, ಸೂರ್ಯ ಅದರ ಬೆನ್ನಿಗಿರುವಂತೆ ತಿರುಗಿಸಿ, ಕೇಬಲ್ಲನ್ನು ತೂತಿನ ಬಾಯಲ್ಲಿ ಬಿಗಿಯಾಗಿ ಕಟ್ಟಬೇಕು. ಬಿಗಿಯದಿದ್ದರೆ ಅದು ಬುಗುರಿಯಂತೆ ತಿರುಗಿ ನಿಮಗೆ ತಲೆಸುತ್ತು ಬರಿಸುತ್ತದೆ. ಮೀನು ಕಚ್ಚಿದ ಕೂಡಲೇ ದಾರ ಕೇಬಲ್ಲಿಗೆ ಸುತ್ತಿಕೊಳ್ಳುವ ಸಂಭವವೂ ಉಂಟು. ಜಾಗ ಬದಲಿಸುವುದೆಂದರೆ ಒದ್ದೆ ಕೇಬಲ್ಲನ್ನು ಬರಿಗೈಯಲ್ಲಿ ಸುತ್ತಬೇಕು, ಸುತ್ತುತ್ತಿರುವಾಗಲೇ ಅದು ಹೆಪ್ಪುಗಟ್ಟಿ ಬಿದಿರ ಸಿಬಿರಿನಂತೆ ಸೆಟೆಯುತ್ತದೆ. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ತೂತು ಬದಲಿಸಿದವರಾರೂ ಐದನೆಯದಕ್ಕೆ ಹೋಗುವುದಿಲ್ಲ. ಕ್ಯಾಮೆರಾ ಜನರನ್ನು ಕೂರಿಸುತ್ತದೆ ಎಂದು ನಾನು ಹೇಳುವುದು ಅದಕ್ಕೇ. ನಾನು ಕ್ಯಾಮೆರಾ ಕೊಂಡ ಮೊದಲ ಚಳಿಗಾಲ ಹಿಡಿದ ಮೀನು ಹಿಂದಿನ ವರ್ಷಕ್ಕಿಂತ ಕಡಿಮೆ. ಬಾರದ ಮೀನಿಗಾಗಿ ಖಾಲಿ ಪರದೆಯನ್ನು ಧಾರಾವಾಹಿ ನೋಡಿದಂತೆ ನೋಡುತ್ತ ಕಾಲ ಕಳೆದಿದ್ದೆ.

ನಿಮ್ಮ ಮಗಳ ವಿಷಯಕ್ಕೆ ಬಂದರೆ ನನ್ನ ತಕ್ಕಡಿ ಸ್ವಲ್ಪ ವಾಲುತ್ತದೆ. ಮಗುವಿಗೆ ಹಸಿರು ಕೆಂಪು ಗೆರೆಗಿಂತ ಕಣ್ಣು ಪಿಳಿಪಿಳಿ ಬಿಡುವ ಮೀನು ಪ್ರಿಯವೆಂಬುದರಲ್ಲಿ ಸಂದೇಹವಿಲ್ಲ. ನೀವು ಹೋಗುವುದು ಬರೀ ಶನಿವಾರ ಹಗಲು, ಮಗಳ ಜೊತೆ, ತಿಳಿನೀರಿನ ಎಂಟು ಹತ್ತು ಅಡಿ ಆಳದಲ್ಲಿ ಬ್ಲೂಗಿಲ್‌ಗಳಿಗಾಗಿ ಎಂದಾಗಿದ್ದರೆ ನನ್ನ ಉತ್ತರ ತಿರುವುಮುರುವಾಗುತ್ತಿತ್ತು. ಆದರೆ ಫ್ಲಾಶರ್‌ನಿಂದಲೂ ಮಕ್ಕಳನ್ನು ಆಟಕ್ಕೆಳೆಯಬಹುದು. ಎರಡು ಅಡಿ ಅಂತರದಲ್ಲಿ ಎರಡು ತೂತು ಕೊರೆದು, ಅಗಲ ಶಂಕುವಿನ ಟ್ರಾನ್ಸ್‌ಡ್ಯೂಸರನ್ನು ಒಂದರಲ್ಲಿ ಇಳಿಬಿಟ್ಟರೆ, 20 ಅಡಿ ಆಳದಲ್ಲಿ ಇಬ್ಬರ ಜಿಗ್ಗೂ ಒಂದೇ ಬಿಲ್ಲೆಯಲ್ಲಿ ಎರಡು ಗೆರೆಗಳಾಗಿ ಕಾಣಿಸುತ್ತವೆ. ‘ಕೆಂಪು ಯಾರ ಗೆರೆಯ ಹತ್ತಿರ ಬರುತ್ತದೆ ನೋಡೋಣ’ ಎಂದರೆ ಸಾಕು, ಅರ್ಧ ಗಂಟೆಯಲ್ಲಿ ಅವಳು ನಿಮಗಿಂತ ಚೆನ್ನಾಗಿ ಅದನ್ನು ಓದುತ್ತಾಳೆ. ವಿಡಿಯೋ ಆಟ ಆಡಿ ಬೆಳೆದ ಮಕ್ಕಳಿಗೆ ಇದು ಬಹಳ ಬೇಗ ಹತ್ತುತ್ತದೆ. ಅವಳ ಜೊತೆ ಹೋಗುವ ದಿನ ಮಾತ್ರ ಉಪಕರಣಕ್ಕಿಂತ ಮೊದಲು ಮಂಜುಗಡ್ಡೆಯನ್ನು ಅಳೆಯಿರಿ: ನಡೆದು ಹೋಗಲು ಕಡಿಮೆಯೆಂದರೂ 4 ಅಂಗುಲ ದಪ್ಪದ, ಹೊಸ, ಪಾರದರ್ಶಕ ಗಡ್ಡೆ ಬೇಕೆಂದು ಇಲಾಖೆ ಹೇಳುತ್ತದೆ; ಬಿಳಿಚಿದ ಗಡ್ಡೆಯಾದರೆ ಅದರ ಎರಡರಷ್ಟು.

ಬ್ಯಾಟರಿಯ ಬಗ್ಗೆ ಚುಟುಕಾಗಿ. ಫ್ಲಾಶರ್‌ಗೆ ವಿದ್ಯುತ್ ಬಹಳ ಕಡಿಮೆ ಸಾಕು, ಕ್ಯಾಮೆರಾದ ಪರದೆಗೆ ಹೆಚ್ಚು ಬೇಕು. ಹಳೆಯ ಸೀಸದ ಬ್ಯಾಟರಿ ಕಡುಚಳಿಯಲ್ಲಿ ತನ್ನ ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಚಳಿಯಲ್ಲೂ ವಾಸಿ, ಆದರೆ ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಅದನ್ನು ಚಾರ್ಜ್‌ಗೆ ಹಾಕಿದರೆ ಹಾಳಾಗುತ್ತದೆ. ಗ್ಯಾರೇಜಿನಲ್ಲಿ ಬಿಡದೆ ಮನೆಯೊಳಗೆ ತಂದು, ಬೆಚ್ಚಗಾದ ಮೇಲೆ ಚಾರ್ಜ್ ಮಾಡಿ.

ಅಂಗಡಿಯಲ್ಲಿ ಮೂರನೆಯ ಆಮಿಷವೊಂದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಗಾರ್ಮಿನ್ ಸಂಸ್ಥೆ 2018ರಲ್ಲಿ ಲೈವ್‌ಸ್ಕೋಪ್ ತಂದ ಮೇಲೆ, ಸುತ್ತಲಿನ ಹತ್ತಾರು ಅಡಿ ದೂರದ ಮೀನು ಈಜುವುದನ್ನು ಶಬ್ದದಿಂದಲೇ ಚಲಿಸುವ ಚಿತ್ರವಾಗಿ ತೋರಿಸುವ ಸೋನಾರ್‌ಗಳು ಬಂದಿವೆ. ಅವು ಅದ್ಭುತವೆಂಬುದು ನಿಜ, ನಿಮ್ಮ ಹಣದ ಹಲವು ಪಟ್ಟು ಬೆಲೆಯವು ಎಂಬುದೂ ಅಷ್ಟೇ ನಿಜ. ಆ ಕಡೆ ಈಗ ನೋಡಬೇಡಿ.

450 ಡಾಲರ್‌ಗೆ ಮೂರು ಬಣ್ಣದ, ಸರಳವಾದ ಹೊಸ ಫ್ಲಾಶರ್ ಬ್ಯಾಟರಿ, ಚಾರ್ಜರ್ ಸಮೇತ ಬರುತ್ತದೆ. ತಳದ ಆರೇಳು ಅಡಿಯನ್ನಷ್ಟೇ ಹಿಗ್ಗಿಸಿ ತೋರಿಸುವ ಜೂಮ್ ಸೌಲಭ್ಯವಿರುವುದು ಅದೇ ಹಣಕ್ಕೆ ಹಳೆಯದಾಗಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ, ಮಿಲ್ ಲ್ಯಾಕ್ಸ್‌ನ ವಾಲೈಗೆ ಆ ಒಂದು ಗುಂಡಿ ಐದು ಬಣ್ಣಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಳೆಯದನ್ನು ಕೊಳ್ಳುವಾಗ ಟ್ರಾನ್ಸ್‌ಡ್ಯೂಸರ್‌ನ ತಂತಿ ಬುಡದಲ್ಲಿ ಬಿರುಕು ಬಿಟ್ಟಿದೆಯೇ ಎಂದು ಬೆರಳಿನಿಂದ ಬಾಗಿಸಿ ನೋಡಿ, ಬಿಲ್ಲೆಯ ಮೋಟಾರು ಸದ್ದು ಮಾಡುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ, ಸಾಧ್ಯವಾದರೆ ಮಾರುವವರನ್ನೇ ಹತ್ತಿರದ ಕೆರೆಗೆ ಕರೆದೊಯ್ದು ಒಮ್ಮೆ ಇಳಿಸಿ ತೋರಿಸಲು ಹೇಳಿ. ಗಾಳಿಯಲ್ಲಿ ಹಿಡಿದು ಪರೀಕ್ಷಿಸಿದರೆ ಏನೂ ಗೊತ್ತಾಗದು. ಫೆಬ್ರವರಿ ಕೊನೆಗೆ ವಾಲೈ ಹಿಡಿಯುವ ಅವಧಿ ಮುಗಿಯುತ್ತಿದ್ದಂತೆ ಅನೇಕರು ತಮ್ಮ ಕ್ಯಾಮೆರಾಗಳನ್ನು ಮಾರಾಟಕ್ಕಿಡುತ್ತಾರೆ, ಅಂಗಡಿಗಳೂ ಬೆಲೆ ಇಳಿಸುತ್ತವೆ. ಕ್ರಾಪಿಗೆ ಆ ಗಡುವಿಲ್ಲವಾದ್ದರಿಂದ, ಮಂಜುಗಡ್ಡೆ ಗಟ್ಟಿಯಾಗಿರುವವರೆಗೆ ನಿಮ್ಮ ಸಂಜೆಗಳು ಹೇಗೂ ಮುಂದುವರಿಯುತ್ತವೆ. ಅಷ್ಟರೊಳಗೆ ಬಿಳಿ ಮುಚ್ಚಳದ ದಾರದಲ್ಲಿ ನಿಮ್ಮ ಕೊಲ್ಲಿಗಳ ತಿಳಿಯನ್ನೆಲ್ಲ ಅಳೆದು ಬರೆದಿಟ್ಟುಕೊಂಡಿದ್ದರೆ, ಆಗ ಕ್ಯಾಮೆರಾ ಕೊಳ್ಳಬೇಕೇ ಎಂದು ನನ್ನನ್ನು ಕೇಳುವ ಅಗತ್ಯ ಬೀಳುವುದಿಲ್ಲ.